ಷರಾ ಕಾಲಮ್ಮಿನ ಮೀನು

ಜನವರಿ 9

ಪ್ರೀತಿಯ ಮಾವ,

ನಿಮ್ಮ ಸರೋವರದ ಒಂದು ಸಾವಿರದ ನಾನೂರ ನಲವತ್ತು ಮೀನುಗಳಲ್ಲಿ ಬೆರಕೆ ಮೀನು ಎರಡೇ ಎರಡು. ನಿನ್ನೆ ಸಂಜೆ ನಾಲ್ಕು ಗಂಟೆಗೆ ಇದನ್ನು ವರದಿ ಮಾಡಿದವರು ನಮ್ಮ ಪ್ರಯೋಗಾಲಯದ ಲೆಕ್ಕಿಗರು. ನಾವು ಅವರನ್ನು ದಶಮಾಂಶ ಎಂದು ಕರೆಯುತ್ತೇವೆ. ಎದುರಿಗೇ ಕರೆಯುತ್ತೇವೆ, ಅವರಿಗೂ ಒಗ್ಗಿಹೋಗಿದೆ.

ಮೂರು ವರ್ಷ, ತಿಂಗಳಿಗೊಂದು ಪೆಟ್ಟಿಗೆ. ಕೆಂಪು ಮುಚ್ಚಳದ ಇಪ್ಪತ್ತು ಬಾಟಲಿಗಳಲ್ಲಿ ದಡದ ಮೀನು, ನೀಲಿ ಮುಚ್ಚಳದ ಇಪ್ಪತ್ತರಲ್ಲಿ ನಡುನೀರಿನ ಮೀನು. ನೀರಿನ ಮಟ್ಟ ಬರೆದುಕೊಳ್ಳುವ ನಿಮ್ಮ ನಿತ್ಯದ ಕೆಲಸದ ಮೇಲೆ ಇದೊಂದು ಹೆಚ್ಚುವರಿ ಕೆಲಸ. ಆದರೂ ನೀವು ಒಂದು ತಿಂಗಳೂ ತಪ್ಪಿಸಲಿಲ್ಲ. ಹಾಗಾಗಿ ಅದರ ಫಲ ಏನೆಂದು ಸರಿಯಾಗಿ ತಿಳಿಸುವುದು ನನ್ನ ಕರ್ತವ್ಯ. ಅತ್ತೆಗೂ ಓದಿ ಹೇಳಿ.

ಎರಡೂ ಬಗೆಯವು ಒಂದೇ ಮನೆತನದವು. ಸರೋವರ ನದಿಯಿಂದ ಬೇರ್ಪಟ್ಟಾಗ ಒಳಗೆ ಉಳಿದದ್ದು ಒಂದೇ ಜಾತಿಯ ಮೀನು. ದಡದ ಕೆಸರಿನಲ್ಲಿ ಹುಳು ಹೆಕ್ಕಲು ದಪ್ಪ ಬಾಯಿ ಬೇಕು. ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ದಪ್ಪ ಬಾಯಿಯವು ಹೆಚ್ಚು ಬದುಕಿದವು. ನಡುನೀರಿನಲ್ಲಿ ತೇಲುವ ಸಾಸಿವೆಗಿಂತ ಸಣ್ಣ ಜೀವಿಗಳನ್ನು ಸೋಸಿ ತಿನ್ನಬೇಕು. ಅಲ್ಲಿ ಸಪೂರ ಮೈಯವು, ಕಿವಿರಿನೊಳಗೆ ಒತ್ತಾದ ಬಾಚಣಿಗೆ ಇದ್ದವು ಬದುಕಿದವು. ಈಗ ಎರಡರ ವಂಶವಾಹಿಗಳನ್ನು ಎರಡು ಪುಸ್ತಕದಂತೆ ಪುಟಪುಟ ಹೋಲಿಸಿ ನೋಡಿದ್ದೇವೆ. ಹೆಚ್ಚುಕಡಿಮೆ ಎಲ್ಲ ಕಡೆ ಅದೇ ಬರಹ. ಒಂದು ಕಡೆ ಮಾತ್ರ, ನಡುನೀರಿನ ಮೀನಿನಲ್ಲಿ, ಪುಟಗಳ ಒಂದು ಕಟ್ಟೇ ತಲೆಕೆಳಗಾಗಿ ಹೊಲಿದುಹೋಗಿದೆ. ಬಾಯಿಯ ಆಕಾರ, ಮೈಯ ಉದ್ದ, ಬಾಚಣಿಗೆಯ ಹಲ್ಲು ಎಷ್ಟೆಂದು ತೀರ್ಮಾನಿಸುವ ಸಾಲುಗಳು ಬಹುಪಾಲು ಆ ಕಟ್ಟಿನೊಳಗಿವೆ. ತಲೆಕೆಳಗಾಗಿರುವ ಕಾರಣಕ್ಕೇ ಆ ಪುಟಗಳು ಚದುರಿಹೋಗದೆ ಒಟ್ಟಾಗಿ ಮಕ್ಕಳಿಗೆ ಹೋಗುತ್ತವೆ. ಬೆರಕೆ ಮೀನಿಗಾದರೆ ಒಂದು ಕಡೆಯಿಂದ ನೇರ ಕಟ್ಟು, ಇನ್ನೊಂದು ಕಡೆಯಿಂದ ತಲೆಕೆಳಗಾದ ಕಟ್ಟು ಬಂದಿರಬೇಕು. ಅಂಥವು ಎರಡೇ ಸಿಕ್ಕಿದ್ದು.

ಅಂದರೆ ಇವು ಒಂದನ್ನೊಂದು ಮದುವೆಯಾಗುವುದನ್ನು ನಿಲ್ಲಿಸಿಬಿಟ್ಟಿವೆ. ಒಂದೇ ನೀರಿನಲ್ಲಿ, ನಡುವೆ ಗೋಡೆಯಿಲ್ಲದೆ, ಎರಡು ಜಾತಿಗಳು ಪೂರ್ತಿ ಬೇರೆಯಾಗಿವೆ. ಇಂಥದ್ದು ಕೈಗೆ ಸಿಗುವುದು ಅಪರೂಪ. ಏಪ್ರಿಲ್ 18ರಂದು ವಾರ್ಷಿಕ ಸಮ್ಮೇಳನದಲ್ಲಿ ನಾನೇ ಇದನ್ನು ಓದುತ್ತೇನೆ. ಜೂನ್‌ನಲ್ಲಿ ಪದವಿಯ ಪ್ರಬಂಧ ಸಲ್ಲಿಕೆ.

ಒಂದು ಸಣ್ಣ ಪ್ರಶ್ನೆ. ಆ ಎರಡು ಬೆರಕೆ ಮೀನುಗಳು ಮೊದಲ ವರ್ಷದ ಅಕ್ಟೋಬರ್‌ನ ಕೆಂಪು ಬಾಟಲಿ 20 ಮತ್ತು ಮೂರನೇ ವರ್ಷದ ಮೇ ತಿಂಗಳ ನೀಲಿ ಬಾಟಲಿ 20. ಬಾಟಲಿಗೆ ಮೊದಲು ಬೇರೆ ಮೀನು ಹಾಕಿ, ಅದನ್ನು ತೆಗೆದು, ಆಮೇಲೆ ಸರಿಯಾದದ್ದನ್ನು ಹಾಕಿದ್ದುಂಟೇ? ಹಾಗಾಗಿದ್ದರೂ ನಮ್ಮ ಯಂತ್ರಕ್ಕೆ ಬೆರಕೆಯಂತೆ ಕಾಣುತ್ತದೆ. ನನ್ನ ಮಾರ್ಗದರ್ಶಕಿ, ನಮ್ಮ ಮೇಡಂ, ಕೇಳಲು ಹೇಳಿದರು.

ನಿಮ್ಮ
ಯಾಕಮ್ಮ

(ಈ ಅಡ್ಡಹೆಸರು ಇಟ್ಟವರೂ ನೀವೇ. ಮೂರು ವರ್ಷದವಳು ಎಲ್ಲದಕ್ಕೂ ‘ಯಾಕೆ’ ಅಂದದ್ದಕ್ಕೆ ಇಷ್ಟು ವರ್ಷದ ಶಿಕ್ಷೆ.)


ಜನವರಿ 21

ಚಿ. ಯಾಕಮ್ಮನಿಗೆ,

ನೀರಿನ ಮಟ್ಟ ಇಂದು 11.42 ಮೀಟರ್. ನಿನ್ನೆಗಿಂತ ಎರಡು ಸೆಂಟಿಮೀಟರ್ ಕಡಿಮೆ.

ನಿನ್ನ ಪತ್ರ ತಲುಪಿತು. ಎರಡೂ ಬಾಟಲಿಗಳಲ್ಲಿ ಗೊಂದಲ ಆಗಿಲ್ಲ. ಒಂದು ಬಾಟಲಿಗೆ ಒಂದೇ ಮೀನು, ಒಂದೇ ಸಲ.

ಸಮ್ಮೇಳನದ ದಿನಾಂಕ ಮುಂದೆ ಹೋಗುವ ಸಂಭವ ಇದೆಯೇ ತಿಳಿಸು.

ಬೇರೆ ವಿಶೇಷವಿಲ್ಲ. ನಿನ್ನ ಅತ್ತೆ ಆಶೀರ್ವಾದ ತಿಳಿಸಿದ್ದಾಳೆ.

ಮಾವ


ಜನವರಿ 30

ಪ್ರೀತಿಯ ಮಾವ,

ನೀವು ಕೋಪಿಸಿಕೊಂಡಿದ್ದೀರಿ. ನಾಲ್ಕು ಪುಟಕ್ಕೆ ನಾಲ್ಕು ಸಾಲಿನ ಉತ್ತರ ಬಂದರೆ ಇನ್ನೇನು ತಿಳಿಯಲಿ? ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ನನ್ನ ತಮ್ಮನ ಕೆಲಸದಲ್ಲಿ ತಪ್ಪು ಹುಡುಕಿದ್ದೀಯ, ಇನ್ನು ಆರು ತಿಂಗಳು ಹೀಗೇ ಮಟ್ಟದ ಲೆಕ್ಕ ಮಾತ್ರ ಬರೀತಾನೆ, ಅನುಭವಿಸು’ ಎಂದು ನಕ್ಕಳು.

ಬಾಟಲಿಯ ಪ್ರಶ್ನೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ನಿಮ್ಮ ಉತ್ತರವನ್ನು ಮೇಡಂಗೆ ತೋರಿಸಿದೆ. ‘ಒಂದು ಬಾಟಲಿಗೆ ಒಂದೇ ಮೀನು, ಒಂದೇ ಸಲ’ ಎಂಬ ಸಾಲನ್ನು ಅವರು ಗೋಡೆಯ ಫಲಕದ ಮೇಲೆ ಬರೆದು, ಪ್ರಯೋಗಾಲಯದವರೆಲ್ಲ ಇದನ್ನು ಬಾಯಿಪಾಠ ಮಾಡಬೇಕು ಎಂದಿದ್ದಾರೆ. ಹಾಗಾಗಿ ಆ ಎರಡು ಮೀನು ನಿಜವಾಗಿಯೂ ಬೆರಕೆ. ಸಾವಿರದ ನಾನೂರರಲ್ಲಿ ಎರಡು ಎಂದರೆ ನಮ್ಮ ವಾದಕ್ಕೆ ಧಕ್ಕೆಯಿಲ್ಲ, ಇನ್ನೂ ಗಟ್ಟಿಯಾಯಿತು. ದಶಮಾಂಶ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದಾರೆ. ಲೆಕ್ಕ ಇಷ್ಟು ಶುಭ್ರವಾಗಿ ಬಂದರೆ ತಮಗೆ ನಿದ್ದೆ ಬರುವುದಿಲ್ಲವಂತೆ. ಅವರು ಹಾಗೆಯೇ, ಊಟದಲ್ಲಿ ಕಲ್ಲು ಸಿಗದಿದ್ದರೂ ಹುಡುಕುವ ಜಾತಿ.

ಸಮ್ಮೇಳನದ ದಿನಾಂಕ ಮುಂದೆ ಹೋಗುವುದಿಲ್ಲ. ನೀವು ಯಾಕೆ ಕೇಳಿದಿರೆಂದು ನನಗೆ ಗೊತ್ತಾಯಿತು. ಬರುವ ಆಸೆ ಇದೆ, ಹೇಳಲು ಸಂಕೋಚ. ಮೂರನೇ ಸಾಲಿನಲ್ಲಿ ನಿಮಗೂ ಅತ್ತೆಗೂ ಎರಡು ಕುರ್ಚಿ ಕಾದಿರಿಸಲು ಹೇಳಿದ್ದೇನೆ. ನಿಮ್ಮ ಮಂಡಿಗೆ ಹಾಕಿಕೊಳ್ಳುವ ಪಟ್ಟಿಯೊಂದನ್ನು ಇದರ ಜೊತೆ ಕಳಿಸಿದ್ದೇನೆ. ಸಭಾಂಗಣಕ್ಕೆ ಹತ್ತೊಂಬತ್ತು ಮೆಟ್ಟಿಲುಗಳಿವೆ.

ಯಾಕಮ್ಮ


ಫೆಬ್ರವರಿ 11

ಚಿ. ಯಾಕಮ್ಮನಿಗೆ,

ನೀರಿನ ಮಟ್ಟ 11.20. ಮಂಡಿ ಪಟ್ಟಿ ಸರಿಯಾಗಿ ಹಿಡಿಯುತ್ತದೆ.

ನಾನು ಕೋಪಿಸಿಕೊಂಡಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನಿನಲ್ಲಿ ಹೇಳಿದ ಮಾತಿಗೆ ತಾರೀಕು ಇರುವುದಿಲ್ಲ.

ನಾನು ಬಲೆ ಬಿಡಿಸಲು ಕಲಿತದ್ದು ಇಲ್ಲಿ ಹಿಂದೆ ದೋಣಿ ನಡೆಸುತ್ತಿದ್ದ ಯಜಮಾನರಿಂದ. ಅವರ ಎಡಕ್ಕೊಂದು ಬುಟ್ಟಿ, ಬಲಕ್ಕೊಂದು ಬುಟ್ಟಿ. ಮೀನನ್ನು ಹಿಡಿದು ಹೆಬ್ಬೆರಳಿನಿಂದ ತುಟಿ ಒತ್ತುತ್ತಿದ್ದರು. ದಪ್ಪವಾದರೆ ದಡದ್ದು, ಎಡಬುಟ್ಟಿಗೆ. ತೆಳುವಾದರೆ ನಡುನೀರಿನದು, ಬಲಬುಟ್ಟಿಗೆ. ಹೆಬ್ಬೆರಳು ಏನೂ ಹೇಳದಿದ್ದರೆ ಆ ಮೀನು ವಾಪಸು ನೀರಿಗೆ. ‘ಎಲ್ಲಿಗೂ ಸೇರದ್ದನ್ನ ಇಟ್ಕೊಂಡು ಏನ್ ಮಾಡ್ತೀಯ, ಬಿಡು’ ಎನ್ನುತ್ತಿದ್ದರು. ನನಗೂ ಅದೇ ರೂಢಿಯಾಯಿತು.

ನೀನು ಕಳಿಸಿದ್ದು ಎರಡು ಬಣ್ಣದ ಮುಚ್ಚಳ. ಮೂರನೆಯ ಬಣ್ಣ ಇರಲಿಲ್ಲ. ನಾನೂ ಕೇಳಲಿಲ್ಲ. ಎರಡಕ್ಕೂ ಸೇರದ ಮೀನುಗಳನ್ನು ಮೂರು ವರ್ಷವೂ ನೀರಿಗೆ ಬಿಟ್ಟಿದ್ದೇನೆ. ನೀನು ಹುಡುಕುತ್ತಿರುವುದು ಆ ಮೀನುಗಳನ್ನೇ ಎಂದು ನನಗೆ ತಿಳಿದದ್ದು ನಿನ್ನ ಜನವರಿ 9ರ ಪತ್ರದ ಎರಡನೇ ಪುಟ ಓದಿದಾಗ.

ಆ ಎರಡು ಬಾಟಲಿಗಳು ನೆನಪಿವೆ. ಎರಡು ದಿನವೂ ಇಪ್ಪತ್ತು ತುಂಬಲು ಒಂದು ಕಡಿಮೆಯಿತ್ತು. ಹೆಬ್ಬೆರಳು ಅರೆಮನಸ್ಸಿನಿಂದ ಹೇಳಿತು, ನಾನು ಹಾಕಿದೆ.

ಇದನ್ನು ಜನವರಿಯಲ್ಲೇ ಬರೆಯಬೇಕಿತ್ತು. ಮೂರು ಸಲ ಬರೆದು ಹರಿದೆ. ಸಮ್ಮೇಳನ ಮುಂದೆ ಹೋದರೆ ನಿನಗೆ ಸರಿಪಡಿಸಲು ಸಮಯ ಸಿಗಬಹುದೆಂದು ದಿನಾಂಕ ಕೇಳಿದೆ. ನಿನ್ನ ಎರಡನೇ ಪತ್ರ ಬಂದ ಮೇಲೆ ನಿನ್ನ ಅತ್ತೆಗೆ ವಿಷಯ ತಿಳಿಯಿತು. ಅವಳು ಹೇಳಿದ್ದು ಇಷ್ಟು: ‘ಪಾಪ, ಹುಡುಗಿ ಕುರ್ಚಿ ಬೇರೆ ಹಿಡಿದಿಟ್ಟಿದ್ದಾಳೆ. ಆ ಕುರ್ಚೀಲಿ ಕೂತ್ಕೊಂಡು ಸುಳ್ಳಿಗೆ ಚಪ್ಪಾಳೆ ಹೊಡೀತೀರಾ? ಇವತ್ತೇ ಬರೀರಿ.’

ಆದ್ದರಿಂದ ಇವತ್ತು ಬರೆದಿದ್ದೇನೆ.

ಮಾವ


ಮಾರ್ಚ್ 2

ಚಿ. ಯಾಕಮ್ಮನಿಗೆ,

ಮಟ್ಟ 10.97.

ನಿನ್ನಿಂದ ಉತ್ತರವಿಲ್ಲ. ಬರೆಯದಿರಲು ನಿನಗೆ ಕಾರಣವಿದೆ, ನಾನು ಒತ್ತಾಯಿಸುವುದಿಲ್ಲ. ನೀನು ಐದನೇ ತರಗತಿಯಲ್ಲಿದ್ದಾಗ ನಿನ್ನ ಚಿತ್ರಪಟದ ಮೇಲೆ ನಾನು ಶಾಯಿ ಚೆಲ್ಲಿದ್ದಕ್ಕೆ ಹನ್ನೊಂದು ದಿನ ನೀನು ನನ್ನೊಡನೆ ಮಾತು ಬಿಟ್ಟಿದ್ದೆ. ಇದು ಅದಕ್ಕಿಂತ ದೊಡ್ಡದು ಎಂದು ಗೊತ್ತಿದೆ.

ನಿಮ್ಮ ಮೇಡಂ ಅವರಿಗೆ ಒಂದು ಪತ್ರ ಬರೆದು ಇದರೊಳಗೆ ಇಟ್ಟಿದ್ದೇನೆ. ತಪ್ಪು ಸಂಗ್ರಹಕಾರನದು, ವಿದ್ಯಾರ್ಥಿನಿಯದಲ್ಲ ಎಂದು ಅದರಲ್ಲಿದೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು.

ಮಾವ


ಮಾರ್ಚ್ 5

ಪ್ರೀತಿಯ ಮಾವ,

ನಿಮ್ಮ ಫೆಬ್ರವರಿ 11ರ ಪತ್ರ 17ರಂದು ತಲುಪಿತು. ಹದಿನಾರು ದಿನ ನಾನು ಬರೆಯಲಿಲ್ಲ. ಏನು ಮಾಡುತ್ತಿದ್ದೆ ಎಂದು ಹೇಳುತ್ತೇನೆ.

ಮೊದಲ ದಿನ ಸಿಟ್ಟು ಬಂತು. ಕಪಾಟಿನಲ್ಲಿದ್ದ ಬಾಟಲಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಮತ್ತೆ ಜೋಡಿಸಿದೆ. ಒರೆಸುವ ಅಗತ್ಯವಿರಲಿಲ್ಲ. ಎರಡನೇ ದಿನ, ಈ ಪತ್ರವನ್ನು ಯಾರಿಗೂ ತೋರಿಸದೆ ಇದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಇದನ್ನು ನಿಮಗೆ ಹೇಳಲೇಬೇಕು. ನೀವು ಮೂರು ವಾರ ಮುಚ್ಚಿಟ್ಟಿರಿ ಎಂದು ಬೇಸರಪಟ್ಟುಕೊಂಡಿದ್ದೀರಿ. ನಾನು ಜೀವಮಾನವಿಡೀ ಮುಚ್ಚಿಡುವ ಲೆಕ್ಕ ಹಾಕಿದೆ. ಯಾರಿಗೂ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ.

ಮೂರನೇ ದಿನ ಬೆಳಿಗ್ಗೆ ದಶಮಾಂಶ ನನ್ನ ಮೇಜಿನ ಹತ್ತಿರ ಬಂದು, ‘ನಿಮ್ಮ ಮುಖ ನನ್ನ ಕೋಷ್ಟಕದ ಹಾಗೆ ಆಗಿದೆ, ಏನೋ ಸರಿಯಿಲ್ಲ’ ಎಂದರು. ನಾನು ಪತ್ರ ತೆಗೆದುಕೊಂಡು ನೇರ ಮೇಡಂ ಕೋಣೆಗೆ ಹೋದೆ.

ಅವರು ಎರಡು ಸಲ ಓದಿದರು. ಕನ್ನಡಕ ತೆಗೆದು ಕೇಳಿದರು: ‘ಅವರು ಬಲೆ ಬಿಡಿಸೋದನ್ನ ನೀನು ಎಷ್ಟು ಸಲ ನೋಡಿದ್ದೀಯ?’

‘ಒಂದು ಸಲವೂ ಇಲ್ಲ ಮೇಡಂ.’

‘ಮೂರು ವರ್ಷದಲ್ಲಿ?’

ಅವರು ಪತ್ರವನ್ನು ನನ್ನ ಕಡೆ ಸರಿಸಿದರು.

‘ಹಾಗಾದ್ರೆ ತಪ್ಪು ಯಾರದ್ದು ಅಂತ ಆಮೇಲೆ ಮಾತಾಡೋಣ. ಬಿಟ್ಟದ್ದು ಎಷ್ಟು, ಅದನ್ನ ಮೊದಲು ಕೇಳು.’

ಆ ಮಾತು ಕೇಳಿದ ಮೇಲೂ ಎರಡು ವಾರ ನಾನು ನಿಮಗೆ ಬರೆಯಲಿಲ್ಲ. ನಾಚಿಕೆಯಾಗಿತ್ತು. ರಜೆಯಲ್ಲಿ ನಿಮ್ಮ ಮನೆಗೆ ಬಂದಾಗಲೆಲ್ಲ ಅತ್ತೆಯ ಹತ್ತಿರ ಹರಟೆ ಹೊಡೆದೆ, ಹೊತ್ತೇರುವವರೆಗೆ ಮಲಗಿದೆ, ತುಂಬಿದ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಬೆಳಿಗ್ಗೆ ಆರೂವರೆಗೆ ಎದ್ದು ನಿಮ್ಮ ಪಕ್ಕ ಒಂದು ದಿನ ಕೂತಿದ್ದರೆ ಸಾಕಿತ್ತು, ‘ಯಾಕೆ ಮಾವ ಇದನ್ನ ಬಿಟ್ಟಿದ್ದು’ ಎಂದು ಕೇಳುತ್ತಿದ್ದೆ. ಎಲ್ಲದಕ್ಕೂ ಯಾಕೆ ಎಂದವಳು ಕೇಳಬೇಕಾದ ಕಡೆ ಕೇಳಲಿಲ್ಲ.

ಈಗ ಕೆಲಸದ ಮಾತು. ಬಿಟ್ಟ ಮೀನು ಎಷ್ಟಿರಬಹುದು? ನೆನಪಿನಿಂದ ಅಂದಾಜು ಮಾಡಬೇಡಿ. ಎಲ್ಲಾದರೂ ಬರೆದಿಟ್ಟಿದ್ದರೆ ಮಾತ್ರ ತಿಳಿಸಿ. ಇಲ್ಲದಿದ್ದರೆ ಇಲ್ಲ ಎಂದು ಬರೆಯಿರಿ, ಅದಕ್ಕೂ ನಾನು ಸಿದ್ಧಳಿದ್ದೇನೆ.

ಯಾಕಮ್ಮ


ಮಾರ್ಚ್ 19

ಚಿ. ಯಾಕಮ್ಮನಿಗೆ,

ಮಟ್ಟ 10.71.

ನಿನ್ನ ಪತ್ರ 11ಕ್ಕೆ ತಲುಪಿತು. ನಮ್ಮ ಎರಡು ಪತ್ರಗಳು ದಾರಿಯಲ್ಲಿ ಎದುರುಬದುರಾಗಿ ಹಾದುಹೋಗಿವೆ. ಓದಿದ ಮೇಲೆ ನಿನ್ನ ಅತ್ತೆ ಎರಡು ಲೋಟ ಕಾಫಿ ಮಾಡಿದಳು. ಒಂದು ತಿಂಗಳಿನಿಂದ ನನಗೆ ಅರ್ಧ ಲೋಟ ಮಾತ್ರ ಸಿಗುತ್ತಿತ್ತು.

ಬರೆದಿಟ್ಟದ್ದು ಇದೆ.

ಮಟ್ಟದ ವಹಿಯಲ್ಲಿ ಕೊನೆಯ ಕಾಲಮ್ಮು ಷರಾ. ನಾನು ಕೆಲಸಕ್ಕೆ ಸೇರಿದ ವರ್ಷ ತಪಾಸಣೆಗೆ ಬಂದ ಅಧಿಕಾರಿ ‘ಷರಾ ಕಾಲಂ ಯಾರೂ ಓದೋದಿಲ್ಲ, ಏನು ಬೇಕಾದ್ರೂ ಬರ್ಕೊಳ್ಳಿ’ ಎಂದಿದ್ದರು. ಅದನ್ನು ನಾನು ನಂಬಿದ್ದೆ. ಬಿಟ್ಟ ಮೀನಿನ ಸಂಖ್ಯೆ ಅಲ್ಲಿ ಬರೆದಿದ್ದೇನೆ. ಯಾರೂ ಓದದ ಕಾಲಮ್ಮಿನಲ್ಲಿರುವುದು ವಿಜ್ಞಾನಕ್ಕೆ ಲೆಕ್ಕವಾಗುತ್ತದೆ ಎಂದು ತೋಚಲಿಲ್ಲ, ಹಾಗಾಗಿ ಹಿಂದಿನ ಪತ್ರದಲ್ಲಿ ಹೇಳಲಿಲ್ಲ.

ಮೊದಲ ವರ್ಷ 31. ಎರಡನೇ ವರ್ಷ 38. ಮೂರನೇ ವರ್ಷ 117. ಒಟ್ಟು 186. ಪ್ರತಿ ದಿನ ಬಲೆಗೆ ಬಿದ್ದ ಒಟ್ಟು ಮೀನಿನ ಸಂಖ್ಯೆಯೂ ಇದೆ. ಬಲೆ ಅದೇ, ಬಿಡುವ ಜಾಗಗಳು ಅವೇ, ಹೊತ್ತೂ ಅದೇ.

ಮೂರು ವರ್ಷದ ನಕಲು ಇದರೊಂದಿಗಿದೆ. ನೀನು ಕೇಳಿದ್ದು ಒಂದು ಕಾಲಮ್ಮು. ಒಂದನ್ನು ಮಾತ್ರ ಕಿತ್ತು ನಕಲು ಮಾಡುವ ಅಭ್ಯಾಸ ನನಗಿಲ್ಲ. ಸಾಲು ಬರೆದರೆ ಪೂರ್ತಿ ಸಾಲು. ಆದ್ದರಿಂದ ಮಟ್ಟ, ಗಾಳಿ, ನೀರಿನ ತಿಳಿ, ಬಲೆಯ ಸಂಖ್ಯೆ, ಷರಾ ಎಲ್ಲ ಇದೆ. ಬೇಡದ್ದನ್ನು ಬಿಟ್ಟುಬಿಡು. ಮುಖ್ಯವಾಗಿ ಮೊದಲ ವರ್ಷದ ಆಗಸ್ಟ್ ಎರಡನೇ ವಾರವನ್ನು ನಿಮ್ಮ ಮೇಡಂಗೆ ತೋರಿಸಬೇಡ. ಅಲ್ಲಿ ಹೀಗಿದೆ:

ಬಿಟ್ಟದ್ದು 1. ಗಾಳಿ ಜೋರು. ಟೋಪಿ ಹೋಯಿತು.
ಬಿಟ್ಟದ್ದು 0.
ಬಿಟ್ಟದ್ದು 2. ಟೋಪಿ ಬಲೆಗೆ ಬಿತ್ತು.

ಮಾವ


ಏಪ್ರಿಲ್ 6

ಪ್ರೀತಿಯ ಮಾವ,

ಟೋಪಿಯನ್ನು ಮೇಡಂ ನೋಡಿಯಾಯಿತು. ಟೋಪಿ ಯಾವ ಬುಟ್ಟಿಗೆ ಹೋಯಿತು ಎಂದು ಕೇಳಿದ್ದಾರೆ.

ನೀವು ಅವರಿಗೆ ಬರೆದ ಪತ್ರವನ್ನೂ ಕೊಟ್ಟೆ. ಓದಿ, ಮಡಿಸಿ, ತಮ್ಮ ಮೇಜಿನ ಖಾನೆಯಲ್ಲಿಟ್ಟುಕೊಂಡರು. ತಪ್ಪನ್ನು ತಾವೇ ಮುಂದೆ ಬಂದು ಹೇಳಿದ ಸಂಗ್ರಹಕಾರರನ್ನು ಇಪ್ಪತ್ತಾರು ವರ್ಷಗಳಲ್ಲಿ ತಾವು ನೋಡಿಲ್ಲ ಎಂದರು.

ಈಗ ದಯವಿಟ್ಟು ಕೂತು ಓದಿ.

ದಶಮಾಂಶ ನಿಮ್ಮ ನಕಲನ್ನು ಎಂಟು ದಿನ ಕೂತು ಯಂತ್ರಕ್ಕೆ ಏರಿಸಿದರು. ಎಲ್ಲ ಕಾಲಮ್ಮುಗಳನ್ನೂ ಏರಿಸಿದರು. ಒಂದನ್ನು ಮಾತ್ರ ಕಿತ್ತುಕೊಳ್ಳುವ ಅಭ್ಯಾಸ ಅವರಿಗೂ ಇಲ್ಲವಂತೆ. ಬಿಟ್ಟ ಮೀನು ಮೂರನೇ ವರ್ಷ ಮೂರು ಪಟ್ಟಾಗಿದೆ. ಬಲೆಗೆ ಬಿದ್ದ ಒಟ್ಟು ಮೀನು ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾದರೆ ಆ ವರ್ಷ ಏನಾಯಿತು? ನಾನು ಮೂರನೇ ವರ್ಷದ ಪುಟಗಳಲ್ಲೇ ಹುಡುಕಿದೆ, ಏನೂ ಸಿಗಲಿಲ್ಲ. ಉತ್ತರ ಇದ್ದದ್ದು ಎರಡನೇ ವರ್ಷದಲ್ಲಿ. ಬಲೆಗೆ ಬೀಳುವಷ್ಟು ಬೆಳೆಯಲು ಮೀನಿಗೆ ಒಂದು ವರ್ಷ ಬೇಕಲ್ಲ.

ನೀವು ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಕಣ್ಣಿಗೆ ಮರೆಯಾಗುವ ಆಳವನ್ನು ಬರೆಯುತ್ತೀರಿ. ಸಾಮಾನ್ಯವಾಗಿ ಮೂರೂವರೆ ಮೀಟರಿನ ಆಸುಪಾಸು. ಎರಡನೇ ವರ್ಷ ಮಾರ್ಚ್‌ನಿಂದ ಮೇ ತನಕ, ಹನ್ನೊಂದು ವಾರ, ಅದು ಒಂದು ಮೀಟರನ್ನೂ ದಾಟಿಲ್ಲ. ಷರಾದಲ್ಲಿ ‘ಆಚೆ ದಡದಲ್ಲಿ ರಸ್ತೆಗೆ ತಡೆಗೋಡೆ ಕೆಲಸ, ಮಣ್ಣು ನೀರಿಗೆ’ ಎಂದಿದೆ. ಆ ಮೂರು ತಿಂಗಳೇ ಈ ಮೀನುಗಳು ಜೋಡಿಯಾಗುವ ಕಾಲ. ಹೆಣ್ಣು ಗಂಡನ್ನು ಆರಿಸುವುದು ಮೈಬಣ್ಣ ನೋಡಿ. ನೀರು ಕದಡಿದರೆ ಬಣ್ಣ ಕಾಣಬೇಕಲ್ಲ?

ಇನ್ನೊಂದು. ಮೂರನೇ ವರ್ಷದ 117ರಲ್ಲಿ ಮೊದಲ ಆರು ತಿಂಗಳಲ್ಲಿ 83, ಕೊನೆಯ ಆರು ತಿಂಗಳಲ್ಲಿ 34. ಜುಲೈನಿಂದ ಷರಾದಲ್ಲಿ ಒಂದು ಪದ ಮತ್ತೆ ಮತ್ತೆ ಬರುತ್ತದೆ: ಬಡಕಲು. ‘ಬಿಟ್ಟದ್ದು 4. ಬಡಕಲು.’ ‘ಬಿಟ್ಟದ್ದು 3. ಎಲ್ಲ ಬಡಕಲು.’ ದಡದಲ್ಲಿ ಹುಳು ಹೆಕ್ಕಲು ಬಾಯಿ ಸಾಲದು, ನಡುನೀರಿನಲ್ಲಿ ಸೋಸಲು ಬಾಚಣಿಗೆ ಸಾಲದು. ಹುಟ್ಟುತ್ತವೆ, ಆದರೆ ಹೊಟ್ಟೆ ತುಂಬುವುದಿಲ್ಲ.

ನಾನು ಓದಲಿದ್ದ ಪ್ರಬಂಧದಲ್ಲಿ ಇವು ಎರಡೂ ಎಂದೋ ಬೇರೆಯಾಗಿ ಮುಗಿದ ಜಾತಿಗಳು. ನಿಮ್ಮ ವಹಿಯ ಪ್ರಕಾರ ಅವು ಇನ್ನೂ ಬೇರೆಯಾಗುತ್ತಲೇ ಇವೆ, ಅದೂ ನೀರು ತಿಳಿಯಾಗಿದ್ದರೆ ಮಾತ್ರ. ನನ್ನ ಸುದ್ದಿಗಿಂತ ಇದು ದೊಡ್ಡ ಸುದ್ದಿ.

ಎಚ್ಚರಿಕೆಯ ಮಾತೂ ಬರೆಯಬೇಕು. ನೀರು ಕದಡಿದ್ದು ಒಂದೇ ಸಲ. ಒಂದು ಸಲ ಆದದ್ದು ಕಾಕತಾಳೀಯವೂ ಇರಬಹುದು. ನಿಮ್ಮ ಹೆಬ್ಬೆರಳು ಅನುಮಾನಿಸಿದ್ದೆಲ್ಲ ಬೆರಕೆಯೇ ಎಂಬುದಕ್ಕೂ ಸಾಕ್ಷಿಯಿಲ್ಲ, ಆ 186 ಮೀನುಗಳು ಈಗ ಯಾರ ಕೈಗೂ ಸಿಗುವುದಿಲ್ಲ. ಆದ್ದರಿಂದ ಹಳದಿ ಮುಚ್ಚಳದ ಬಾಟಲಿಗಳನ್ನು ಕಳಿಸುತ್ತಿದ್ದೇನೆ. ಹೆಬ್ಬೆರಳು ಏನೂ ಹೇಳದ ಮೀನು ಇನ್ನು ಮುಂದೆ ಅದರೊಳಗೆ.

ಸಮ್ಮೇಳನದ ವಿಚಾರ ಆಮೇಲೆ ಬರೆಯುತ್ತೇನೆ.

ಯಾಕಮ್ಮ


ಏಪ್ರಿಲ್ 20

ಚಿ. ಯಾಕಮ್ಮನಿಗೆ,

ಮಟ್ಟ 10.33. ತಿಳಿ 3.60.

ಹಳದಿ ಮುಚ್ಚಳದಲ್ಲಿ ಹನ್ನೆರಡು ಮೀನು ಕಳಿಸಿದ್ದೇನೆ. ಎಂಟು ದಿನದ ಬಲೆಯಲ್ಲಿ ಸಿಕ್ಕಿದ್ದು ಇಷ್ಟೇ. ನಾಲ್ಕು ದಪ್ಪಗಿವೆ, ಎಂಟು ಬಡಕಲು. ಮೊದಲ ದಿನ ಎರಡನ್ನು ಕೈ ತನ್ನಷ್ಟಕ್ಕೆ ನೀರಿಗೆ ಬಿಟ್ಟುಬಿಟ್ಟಿತು. ಈಗ ನಿನ್ನ ಅತ್ತೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಬಣ್ಣ ಕಾಣದೆ ಜೋಡಿಯಾಗುವ ಮೀನಿನ ವಿಚಾರ ಅವಳಿಗೆ ಓದಿ ಹೇಳಿದೆ. ‘ಇದರಲ್ಲೇನು ಹೊಸದು? ನಾವಿಬ್ಬರು ಮೊದಲು ಭೇಟಿಯಾದ ದಿನವೂ ಕರೆಂಟ್ ಇರಲಿಲ್ಲ’ ಎಂದಳು.

ಮೊನ್ನೆ, 18ರ ಮಧ್ಯಾಹ್ನ, ನೀನು ವೇದಿಕೆಯ ಮೇಲಿರುತ್ತೀ ಎಂದುಕೊಂಡು ಬಲೆ ಬಿಟ್ಟು ಬರಲಾಗದ ನಾನು ಇಲ್ಲೇ ಗಡಿಯಾರ ನೋಡುತ್ತಿದ್ದೆ. ಆಗ ಅಕ್ಕನ ಫೋನು ಬಂತು. ನೀನು ಭಾಷಣವನ್ನು ಮಾರ್ಚ್ 6ರಂದೇ ಹಿಂದಕ್ಕೆ ಪಡೆದಿದ್ದೀ ಎಂದು ಅವಳಿಂದ ತಿಳಿಯಿತು. ನನ್ನ ವಹಿಯ ನಕಲು ನಿನಗೆ ತಲುಪುವುದಕ್ಕಿಂತ ಮೊದಲೇ. ಅಂದರೆ ಕೈಯಲ್ಲಿ ಏನೂ ಇಲ್ಲದಿದ್ದಾಗ. ಕಾಲೇಜಿನ ಬೋಧಕಿ ಕೆಲಸವೊಂದು ಜೂನ್‌ಗೆ ನಿನಗಾಗಿ ಕಾಯುತ್ತಿತ್ತು ಎಂದೂ ಹೇಳಿದಳು. ಇವೆರಡನ್ನೂ ನೀನು ನನಗೆ ಬರೆದಿಲ್ಲ.

ನಾನು ಮುಚ್ಚಿಟ್ಟದ್ದನ್ನು ನಿನಗೆ ಬರೆದೆ. ಈಗ ನೀನು ಬರೆ. ಈ ಮೀನುಗಳಿಂದ ನಿನಗೆ ಎಷ್ಟು ಹಾನಿಯಾಯಿತು? ಸರಿಯಾದ ಸಂಖ್ಯೆ ಬೇಕು. ಸಮಾಧಾನದ ಮಾತು ಬೇಡ.

ಮಾವ


ಮೇ 16

ಪ್ರೀತಿಯ ಮಾವ,

ಹಳದಿ ಮುಚ್ಚಳದ ಹನ್ನೆರಡು ಮೀನುಗಳಲ್ಲಿ ಹನ್ನೊಂದು ಬೆರಕೆ. ಒಂದು ನೇರ ಕಟ್ಟು, ಒಂದು ತಲೆಕೆಳಗಾದ ಕಟ್ಟು, ಅನುಮಾನಕ್ಕೆ ಎಡೆಯಿಲ್ಲ. ಇದನ್ನು ಇವತ್ತು ಬೆಳಿಗ್ಗೆ ಹತ್ತೂಕಾಲಿಗೆ ವರದಿ ಮಾಡಿದವರು ದಶಮಾಂಶ. ಹನ್ನೆರಡನೆಯದು ದಡದ ಮೀನು, ಬಾಯಿಗೆ ಗಾಯವಾಗಿ ತುಟಿ ಸವೆದಿತ್ತು, ಹೆಬ್ಬೆರಳಿನ ತಪ್ಪಲ್ಲ. ನಿಮ್ಮ ಹೆಬ್ಬೆರಳಿನ ಅಚ್ಚು ತೆಗೆದು ಕಳಿಸಲು ಸಾಧ್ಯವೇ ಎಂದು ದಶಮಾಂಶ ಕೇಳಿದರು. ನಗದೆ ಕೇಳಿದರು. ಅವರಿಗೆ ಕಲ್ಲು ಸಿಕ್ಕಿದೆ, ಈಗ ಚೆನ್ನಾಗಿ ನಿದ್ದೆ ಬರುತ್ತಿದೆಯಂತೆ.

ನೀವು ಕೇಳಿದ ಲೆಕ್ಕ.

ಪ್ರಬಂಧ ಸಲ್ಲಿಕೆ ಈ ಜೂನ್ ಬದಲು ಮುಂದಿನ ಜೂನ್. ಒಂದು ವರ್ಷ. ಕಾಲೇಜಿನ ಕೆಲಸ ಬೇರೆಯವರಿಗೆ ಹೋಯಿತು. ನನ್ನ ಜೊತೆ ಓದಿದವಳಿಗೇ ಸಿಕ್ಕಿತು, ಒಳ್ಳೆಯ ಹುಡುಗಿ, ನಾನೇ ಅಭಿನಂದನೆ ಹೇಳಿ ಬಂದೆ, ಆ ರಾತ್ರಿ ಸ್ವಲ್ಪ ಅತ್ತುಬಿಟ್ಟೆ. ನಿಮಗೆ ಬರೆಯದಿದ್ದದ್ದಕ್ಕೆ ಕಾರಣ, ಬರೆದರೆ ನೀವು ಇನ್ನೊಂದು ಕ್ಷಮಾಪಣೆ ಪತ್ರ ಕಳಿಸುತ್ತೀರಿ, ಅದನ್ನು ಇಡಲು ಮೇಡಂ ಖಾನೆಯಲ್ಲಿ ಜಾಗವಿಲ್ಲ. ಹಾನಿ ಇಷ್ಟು.

ಮೊನ್ನೆ ಸೋಮವಾರ ಮೇಡಂ ಎಂಟು ಗಾಜಿನ ತೊಟ್ಟಿಗಳನ್ನು ತರಿಸಿದ್ದಾರೆ. ನಾಲ್ಕರಲ್ಲಿ ತಿಳಿನೀರು, ನಾಲ್ಕರಲ್ಲಿ ನಿಮ್ಮ ಸರೋವರದ ಮಣ್ಣು ಕದಡಿದ ನೀರು. ಹೆಣ್ಣು ಮೀನು ಎಲ್ಲಿ ಯಾರನ್ನು ಆರಿಸುತ್ತದೆ ಎಂದು ನಾವು ಕೂತು ನೋಡಬೇಕು. ನನಗೆ ಇನ್ನೊಂದು ವರ್ಷದ ವಿದ್ಯಾರ್ಥಿವೇತನ ಮಂಜೂರಾಗಿದೆ. ಸಮ್ಮೇಳನದವರು ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನನ್ನು ಸೇರಿಸಿಕೊಂಡಿದ್ದಾರೆ. ಕೆಲಸ ಹೋದದ್ದು ನಿಜ. ಅದರ ನಂತರದ ಬೆಳಿಗ್ಗೆ ಎದ್ದು ತೊಟ್ಟಿಗಳಿಗೆ ನೀರು ತುಂಬಿಸುವಾಗ ನಾನು ಗುನುಗುತ್ತಿದ್ದೆ ಎಂದು ದಶಮಾಂಶ ಹೇಳುತ್ತಾರೆ. ಸ್ವರ ತಪ್ಪಿತ್ತಂತೆ. ಸಮಾಧಾನದ ಮಾತು ಬೇಡ ಎಂದಿದ್ದೀರಿ, ಅದಕ್ಕೇ ಸಾಕ್ಷಿಯ ಹೇಳಿಕೆ ಕೊಟ್ಟಿದ್ದೇನೆ.

ಪ್ರಬಂಧದಲ್ಲಿ ಸಂಗ್ರಹದ ವಿಧಾನ ಎಂಬ ಅಧ್ಯಾಯವನ್ನು ಹೊಸದಾಗಿ ಬರೆಯಬೇಕು. ಹಿಂದಿನದರಲ್ಲಿ ನಾನು ಬರೆದದ್ದು ಒಂದೇ ಸಾಲು: ‘ಮೀನುಗಳನ್ನು ಬಲೆಯಿಂದ ಸಂಗ್ರಹಿಸಲಾಯಿತು.’ ಈ ಸಲ ಕಣ್ಣಾರೆ ನೋಡಿ ಬರೆಯುತ್ತೇನೆ. ಹೆಬ್ಬೆರಳು ತುಟಿಯ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಎಷ್ಟು ಒತ್ತುತ್ತದೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಲ್ಲ. ಅತ್ತೆಗೆ ಹೇಳಿ, ಸ್ಟೂಲು ನನಗೆ ಬೇಕು. ಈ ಸಲ ಹೊತ್ತೇರುವವರೆಗೆ ಮಲಗಿದರೆ ಮುಖಕ್ಕೆ ನೀರು ಎರಚಲಿ.

ಜೂನ್ 2ರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಜೂನ್ 3, ಸೋಮವಾರ, ಬೆಳಿಗ್ಗೆ ಆರೂವರೆಗೆ ದಡದ ಬಲೆ. ಎಂಟಕ್ಕೆ ನಡುನೀರಿನ ಬಲೆ.

ಯಾಕಮ್ಮ